ಗಾಳೆಮ್ಮ ಕಟ್ಟಿದ ಎಂಟು ಹಾಡು

1997ರ ಬೇಸಗೆ. ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಸಣ್ಣ ಅಂಗಡಿ ಇತ್ತು. ಒಂದು ಮಗ್ಗಲಿಗೆ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ, ಇನ್ನೊಂದು ಮಗ್ಗಲಿಗೆ ಕ್ಯಾಸೆಟ್ ಮಾರಾಟ. ನನ್ನ ಹೆಸರು ಗುರುಬಸವರಾಜ. ಊರಿನವರಿಗೆಲ್ಲ ಬಸಣ್ಣ. ಆಗ ನನಗೆ ಇಪ್ಪತ್ತೇಳು. ಹಾಡೆಂದರೆ ಏನು, ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ನನಗೆ ಪೂರಾ ಗೊತ್ತಿದೆ ಎಂದುಕೊಂಡಿದ್ದ ವಯಸ್ಸು.

ಮುಂಗಾರಿಗೆ ಮೊದಲು ನಮ್ಮ ಮನೆಯ ಪಡಸಾಲೆಯಲ್ಲಿ ಬಿತ್ತನೆ ಶೇಂಗಾ ಸುಲಿಯುವ ಕೆಲಸ. ಮಷಿನ್ನಿಗೆ ಹಾಕಿದರೆ ಕಾಳು ಒಡೆಯುತ್ತದೆ, ಒಡೆದ ಕಾಳು ಮೊಳೆಯುವುದಿಲ್ಲ. ಅದಕ್ಕೇ ನಮ್ಮವ್ವ ನಾಗಲಿಂಗಮ್ಮ ಪ್ರತಿ ವರ್ಷ ಕೂಡ್ಲಿಗಿ ದಾರಿಯ ಕರೇಕಲ್ಲು ಹಟ್ಟಿಯಿಂದ ಆರೇಳು ಹೆಂಗಸರನ್ನು ಕರೆಸುತ್ತಿದ್ದಳು. ಅವರು ಬೆಳಗ್ಗೆ ಬಂದು ಕಾಯಿಗೆ ನೀರು ಚಿಮುಕಿಸಿ, ಗುಂಪಾಗಿ ಕೂತು, ಬೆರಳ ತುದಿಯಿಂದ ಕಾಯಿಯ ಮೂತಿ ಹಿಸುಕಿ ಬೀಜ ಬಿಡಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದವನು ಅಡುಗೆಮನೆಯಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಪಡಸಾಲೆಯಿಂದ ಒಂದು ಹಾಡು ಕೇಳಿತು.

ಒಂದು ಕಾಯಾಗ ಎರಡು ಬೀಜ ಅದಾವ
ಒಂದು ಅಣ್ಣ, ಒಂದು ತಂಗಿ ಅದಾವ
ಬಿತ್ತಿದ್ರ ಬ್ಯಾರೆ ಬ್ಯಾರೆ ಸಾಲಿಗಿ ಬಿದ್ದಾವ
ಮಳಿ ಬಂದ ಮ್ಯಾಲ ಮಾತಾಡ್ಯಾವ

ಸಿಹಿಯಾದ ದನಿಯಲ್ಲ ಅದು. ಒರಟು. ಮಣ್ಣಿನ ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ತಳದಿಂದ ಬರುತ್ತಿತ್ತು. ನಾನು ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದು ಬಾಗಿಲಿಗೆ ಬಂದೆ. ಕೊನೆಯ ಸಾಲು ಇನ್ನೊಮ್ಮೆ ಬಂತು. ಮಳೆ ಬಂದ ಮೇಲೆ ಎರಡು ಬೀಜ ಮಣ್ಣೊಳಗೇ ಮಾತಾಡುವುದು! ಹುಟ್ಟಿದಾಗಿನಿಂದ ಶೇಂಗಾದ ನಡುವೆಯೇ ಬೆಳೆದವನು ನಾನು. ನನಗೆ ಒಂದು ದಿನವೂ ಹಾಗೆ ಕಂಡಿರಲಿಲ್ಲ.

"ಇದು ಯಾವ ಕ್ಯಾಸೆಟ್ಟಿನ ಹಾಡು?" ಎಂದು ಕೇಳಿದೆ.

ಹೆಂಗಸರೆಲ್ಲ ನಕ್ಕರು. ಒಬ್ಬಳು, "ಕ್ಯಾಸೆಟ್ಟಿಂದಲ್ಲ ತಗೋರಿ ಬಸಣ್ಣಾರ. ನಮ್ಮ ಗಾಳೆಮ್ಮ ಕಟ್ಟಿದ್ದು. ನಿನ್ನಿ ಎರಡು ಸಾಲು ಇದ್ವು, ಇವತ್ತು ನಾಕಾಗ್ಯಾವ" ಎಂದಳು.

ಗಾಳೆಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ನಲವತ್ತರ ಹೆಂಗಸು, ಎತ್ತರದ ಆಳು. ಹೊರೆ ಹೊತ್ತು ಹೊತ್ತು ಒಂದು ಭುಜ ಸ್ವಲ್ಪ ಇಳಿದಿತ್ತು, ಮುಂದಿನ ಒಂದು ಹಲ್ಲು ಇರಲಿಲ್ಲ. ನನ್ನನ್ನು ಚಡ್ಡಿ ಹಾಕುವ ಕಾಲದಿಂದ ನೋಡಿದವಳು. ಎಷ್ಟು ವರ್ಷ ಅದೇ ಕಂಬಕ್ಕೆ ಒರಗಿ ಕೂತಿದ್ದಳೋ, ನಾನೇ ಕಿವಿಗೊಟ್ಟಿರಲಿಲ್ಲ.

"ಇಂಥವು ಎಷ್ಟದಾವ ಗಾಳೆಮ್ಮಕ್ಕ?"

"ಎಣಿಸಿಲ್ಲಪ್ಪ. ಕಳೀ ತೆಗಿಯಾಗ ಒಂದು ಬರ್ತೈತಿ, ನೀರಿಗಿ ಹೋಗಾಗ ಒಂದು ಬರ್ತೈತಿ. ಕೆಲವು ಉಳೀತಾವ, ಕೆಲವು ಹೋಕ್ಕಾವ."

ಆ ವಾರ ನಾನು ಅಂಗಡಿಯ ಬಾಗಿಲು ಅರ್ಧ ಹಾಕಿ ಮನೆಯಲ್ಲೇ ಕೂತೆ. ನಿಂತುಹೋದ ಹಳೇ ರೈಲಿನ ಮೇಲೆ ಒಂದು ಹಾಡು ಇತ್ತು. ಹಳಿ ಮಾತ್ರ ಉಳಿದಿದೆ, ಅದರ ಮೇಲೆ ಈಗ ಓತಿಕ್ಯಾತ ಟಿಕೀಟಿಲ್ಲದೆ ಓಡಾಡುತ್ತದೆ ಎಂದು. ಬೋರ್‌ವೆಲ್ ಲಾರಿ ಬಂದು ನೆಲ ಕೊರೆದಾಗ ಭೂಮಿತಾಯಿ 'ಇನ್ನೆಷ್ಟು ಒಳಗ ಬರ್ತೀರಿ, ನನಗೂ ನಾಚಿಕಿ ಐತಿ' ಎನ್ನುವ ಹಾಡು ಇತ್ತು. ಕಣ್ಣು ಮಂಜಾದ ಅತ್ತೆ, ಸೊಸೆಯನ್ನು ದನವೆಂದು ತಿಳಿದು ಹುಲ್ಲು ಹಾಕುವ ಹಾಡು ಕೇಳಿ ನಮ್ಮವ್ವ ಸೆರಗು ಬಾಯಿಗಿಟ್ಟು ನಕ್ಕಳು. ಯಾವುದೂ ಹಳೆಯದಲ್ಲ. ಯಾವುದನ್ನೂ ಯಾರೂ ಕಲಿಸಿದ್ದಲ್ಲ. ಏಳು ಹಾಡನ್ನು ನಾನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಕ್ಯಾಸೆಟ್ ಮಾಡೋಣ ಎಂದು ನಾನು ಹೇಳಿದಾಗ ಗಾಳೆಮ್ಮನ ಗಂಡ ಹನುಮಣ್ಣ ಹಟ್ಟಿಯ ಕಟ್ಟೆ ಮೇಲೆ ಕೂತಿದ್ದ. ಕಲ್ಲು ಕಟ್ಟುವ ಕೆಲಸದವನು, ಹೆಚ್ಚು ಮಾತಿಲ್ಲ.

"ಹಾಡೋದೇನೋ ಹಾಡ್ತಾಳ. ಅದನ್ನ ಡಬ್ಬ್ಯಾಗ ತುಂಬೂದು ಯಾಕ್ರಿ?" ಎಂದ.

ನಾನು ಉತ್ತರ ಹುಡುಕುವಷ್ಟರಲ್ಲಿ ಗಾಳೆಮ್ಮನೇ ಹೇಳಿದಳು. "ಉಪ್ಪಿನಕಾಯಿ ಯಾಕ ತುಂಬ್ತೀವಿ? ಮಾವಿನಕಾಯಿ ಇಲ್ಲದಾಗ ಬೇಕಂತ."

ಹನುಮಣ್ಣ ನಕ್ಕುಬಿಟ್ಟ. ಅಲ್ಲಿಗೆ ತೀರ್ಮಾನವಾಯಿತು.

ಬಿತ್ತನೆ ಮುಗಿದ ಮೇಲೆ ಜುಲೈ ತಿಂಗಳಲ್ಲಿ ನಾವು ಮೂವರು ದಾವಣಗೆರೆಗೆ ಹೋದೆವು. ನನಗೆ ಪರಿಚಯದ ಶಿವಯೋಗಪ್ಪ ಎಂಬುವರು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ ರೆಕಾರ್ಡಿಂಗ್ ಕೋಣೆ ಇಟ್ಟಿದ್ದರು. ಭಜನೆ, ನಾಟಕದ ಹಾಡು, ಚುನಾವಣೆ ಪ್ರಚಾರ, ಎಲ್ಲ ಅಲ್ಲೇ. ಸದ್ದು ಮರುದನಿಸಬಾರದೆಂದು ಗೋಡೆ ತುಂಬ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಗಾಳೆಮ್ಮ ಒಳಗೆ ಕಾಲಿಟ್ಟವಳೇ ಸುತ್ತ ನೋಡಿ, "ಇಷ್ಟು ತತ್ತಿ ಯಾರು ತಿಂದ್ರು?" ಎಂದು ಮೆಲ್ಲಗೆ ಕೇಳಿದಳು. ಲಿಂಗ ಕಟ್ಟಿಕೊಂಡಿದ್ದ ಶಿವಯೋಗಪ್ಪನವರ ಮುಖ ಕೆಂಪಾಯಿತು.

ಆದರೆ ಹಾಡು ಹೊರಡಲಿಲ್ಲ. ಶಿವಯೋಗಪ್ಪ ಕೀಬೋರ್ಡಿನಲ್ಲಿ ಶ್ರುತಿ ಹಿಡಿದು, ರಿದಮ್ ಪ್ಯಾಡಿನಲ್ಲಿ ತಾಳ ಹಾಕಿದರು. ಗಾಳೆಮ್ಮ ಮೈಕಿನ ಮುಂದೆ ನಿಂತು ಬಾಯಿ ತೆರೆದರೆ ದನಿಯೇ ಬೇರೆ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ. ಎರಡನೇ ಸಾಲಿಗೆ ತಾಳ ತಪ್ಪುತ್ತಿತ್ತು, ಮೂರನೇ ಸಾಲು ಮರೆಯುತ್ತಿತ್ತು.

"ಇದು ನನ್ನ ಬಿಟ್ಟು ಮುಂದ ಓಡಿ ಹೋಕ್ಕೈತಿ ಬಸಣ್ಣ" ಎಂದಳು ಪ್ಯಾಡಿನ ಕಡೆ ಕೈ ತೋರಿಸಿ.

ಹತ್ತು ಸಲ ಆಯಿತು. ಹನ್ನೊಂದನೇ ಸಲಕ್ಕೆ ಶಿವಯೋಗಪ್ಪ ಹೆಡ್‌ಫೋನ್ ತೆಗೆದಿಟ್ಟು ನನ್ನ ಮುಖ ನೋಡಿದರು. ನನಗೆ ಅಳುವಷ್ಟು ನಾಚಿಕೆ. ಗಾಳೆಮ್ಮ ಎರಡೂ ಕೈ ಮುಂದೆ ಚಾಚಿ ತನ್ನ ಅಂಗೈಯನ್ನೇ ನೋಡುತ್ತ ನಿಂತಿದ್ದಳು.

"ಕೈ ಖಾಲಿ ಅದಾವ. ಕೈ ಖಾಲಿ ಇದ್ರ ಬಾಯಿಗಿ ಬರಂಗಿಲ್ಲಪ್ಪ."

ಹನುಮಣ್ಣ ಕೆಳಗಿಳಿದು ಹೋದ. ಕಾಲು ಗಂಟೆಗೆ ವಾಪಸ್ ಬಂದಾಗ ಅವನ ಹೆಗಲ ಮೇಲೆ ಟವೆಲಿನಲ್ಲಿ ಕಟ್ಟಿದ ಶೇಂಗಾ ಗಂಟು. ಅದನ್ನು ಕೋಣೆಯ ನಡುವೆ ಸುರಿದ. ಗಾಳೆಮ್ಮ ಒಂದು ಕಾಲು ಮಡಚಿ ನೆಲಕ್ಕೆ ಕೂತಳು. ನಾವು ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ ಒಂದು ಇಟ್ಟಿಗೆಗೆ ಕಟ್ಟಿ ಅವಳ ಮುಂದಿಟ್ಟೆವು.

"ಚಟ್ ಚಟ್ ಅಂತ ಸದ್ದು ಬರ್ತದಲ್ರೀ, ಅದನ್ನೇನ್ ಮಾಡೋದು?" ಎಂದು ಶಿವಯೋಗಪ್ಪ ಗೊಣಗಿದರೂ ಮಷಿನ್ ಚಾಲೂ ಮಾಡಿದರು.

ಗಾಳೆಮ್ಮ ಮೊದಲ ಕಾಯಿ ಹಿಸುಕಿದಳು. ಎರಡನೆಯದು. ಮೂರನೆಯದಕ್ಕೆ ಹಾಡು ಬಂತು. ನಮ್ಮ ಪಡಸಾಲೆಯ ಅದೇ ದನಿ, ಅದೇ ಗಡಿಗೆಯ ತಳ. ಕಾಯಿ ಒಡೆಯುವ ಸದ್ದು ಸರಿಯಾಗಿ ಸಾಲಿನ ತಲೆಯ ಮೇಲೆ ಬೀಳುತ್ತಿತ್ತು. ಒಂದೂ ಹಿಂದಿಲ್ಲ, ಒಂದೂ ಮುಂದಿಲ್ಲ. ಅವಳು ಅದನ್ನು ಲೆಕ್ಕ ಹಾಕಿ ಮಾಡುತ್ತಿರಲಿಲ್ಲ, ಅವಳ ಬೆರಳಿಗೇ ಗೊತ್ತಿತ್ತು. ಹಾಡು ಮುಗಿದಾಗ ಶಿವಯೋಗಪ್ಪ ಎದ್ದು ಹೋಗಿ ರಿದಮ್ ಪ್ಯಾಡಿನ ಪ್ಲಗ್ ಕಿತ್ತರು.

"ಇಪ್ಪತ್ತು ವರ್ಷದಿಂದ ತಾಳ ಹಾಕ್ತಾ ಇದ್ದೀನಿ ಕಣ್ರೀ" ಎಂದಷ್ಟೇ ಹೇಳಿ ಮತ್ತೆ ಬಂದು ಕೂತರು.

ಮಧ್ಯಾಹ್ನ ಮೂರರ ಹೊತ್ತಿಗೆ ಏಳೂ ಹಾಡು ಮುಗಿದವು. ಟೇಪಿನ ಎರಡನೇ ಮಗ್ಗಲಿನಲ್ಲಿ ಆರೇಳು ನಿಮಿಷ ಜಾಗ ಉಳಿದಿತ್ತು. ಇನ್ನೊಂದು ಇದ್ದರೆ ಹಾಡಿ ಎಂದು ಶಿವಯೋಗಪ್ಪ ಕೇಳಿದರು. ನನ್ನ ನೋಟುಬುಕ್ಕಿನಲ್ಲಿ ಇನ್ನೊಂದು ಇರಲಿಲ್ಲ. ಗಾಳೆಮ್ಮ ತಲೆ ಬಗ್ಗಿಸಿದಳು. ಬಾಗಿಲ ಹತ್ತಿರ ಕೂತಿದ್ದ ಹನುಮಣ್ಣ, "ಹೇಳು. ಎಷ್ಟು ದಿನ ಒಳಗ ಇಟ್ಕೊಂತಿ" ಎಂದ.

ಅವಳು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು. ಈ ಹಾಡಿಗೆ ಕೈ ಆಡಲಿಲ್ಲ.

ಕೈಯೆತ್ತಿ ನಿಂತಿದ್ನಿ ಬೇವಿನ ಬುಡದಾಗ
ಬಸ್ಸು ಬಂತು, ಬಸ್ಸು ಹೋತು, ನಿಲ್ಲಲಿಲ್ಲ
ಮಗ್ಗಲಾಗ ಕೂಸೈತಿ, ಮೈಯೆಲ್ಲ ಕೆಂಡೈತಿ
ಬಸ್ಸಿನ ಬೆನ್ನು ಕಂಡ್ನಿ, ಮುಖ ಕಾಣಲಿಲ್ಲ

ಇಂಥ ನಾಲ್ಕು ನುಡಿ ಹಾಡಿ ನಿಲ್ಲಿಸಿದ ಮೇಲೂ ಟೇಪು ಸುತ್ತುತ್ತಲೇ ಇತ್ತು. ಶಿವಯೋಗಪ್ಪ ಗುಂಡಿ ಒತ್ತುವುದನ್ನು ಮರೆತಿದ್ದರು. ಕೊನೆಗೆ ಟೇಪು ಮುಗಿದು ಬಾಲ ಹೊರಬಂದು ಪಟಪಟ ಎಂದು ಬಡಿಯತೊಡಗಿದಾಗಲೇ ನಮಗೆ ಎಚ್ಚರ.

ಕೆಳಗೆ ಚಹಾ ಕುಡಿಯುವಾಗ ಹನುಮಣ್ಣ ನನಗೆ ಹೇಳಿದ. 1993ರಲ್ಲಿ ಅವರ ಆರು ವರ್ಷದ ಮಗಳು ಅಂಜಿನಮ್ಮನಿಗೆ ವಿಪರೀತ ಜ್ವರ. ಅವನು ಕೆಲಸಕ್ಕೆಂದು ಹೊಸಪೇಟೆಗೆ ಹೋಗಿದ್ದ. ಗಾಳೆಮ್ಮ ಕೂಸನ್ನು ಹೊತ್ತು ಹಟ್ಟಿಯ ದಾರಿಗೆ ಬಂದು ಬೇವಿನ ಗಿಡದ ಕೆಳಗೆ ನಿಂತಳು. ಅಲ್ಲಿ ಸ್ಟಾಪ್ ಇರಲಿಲ್ಲ. ಮೂರು ಬಸ್ ಹೋದವು, ಯಾವುದೂ ನಿಲ್ಲಲಿಲ್ಲ. ಆರು ಮೈಲಿ ನಡೆದು ಕೊಟ್ಟೂರು ಮುಟ್ಟುವಷ್ಟರಲ್ಲಿ ಕೂಸಿಗೆ ಪ್ರಜ್ಞೆ ತಪ್ಪಿತ್ತು. ಡಾಕ್ಟರು ಎರಡು ದಿನ ಒದ್ದಾಡಿದರು, ಮೂರನೇ ದಿನ ಹೋಯಿತು.

"ಆಮ್ಯಾಲ ಹತ್ತು ತಿಂಗಳು ಮಾತಾಡಲಿಲ್ರಿ ಆಕಿ. ಒಂದು ಮಾತಿಲ್ಲ. ಒಂದಿನ ಕಳೀ ತೆಗಿಯಾಗ ಇದ್ದಕ್ಕಿದ್ದಂಗ ಹಾಡಿದ್ಲು. ಹೊಲದಾಗಿನ ಹೆಣ್ಮಕ್ಕಳು ಹೆದರಿ ಎದ್ದು ನಿಂತಿದ್ರಂತ."

ಗಾಳೆಮ್ಮ ಪಕ್ಕದಲ್ಲೇ ಇದ್ದಳು. ಚಹಾ ಊದುತ್ತ, "ಮಾತಾಡಿದ್ರ ಅಳು ಬರ್ತಿತ್ತು ಬಸಣ್ಣ. ಹಾಡಿದ್ರ ಬರ್ತಿರಲಿಲ್ಲ. ಅದಕ್ಕ ಹಾಡಿದ್ನಿ" ಎಂದಳು.

'ಗಾಳೆಮ್ಮನ ಹಾಡು' ಎಂದು ಹೆಸರಿಟ್ಟು, ಮೇಲೆ ಅವಳ ಫೋಟೊ ಹಾಕಿ, ಐನೂರು ಕ್ಯಾಸೆಟ್ ಮಾಡಿಸಿ ತಂದೆ. ಅಂಗಡಿಯ ಮುಂದಿನ ಗಾಜಿನೊಳಗೆ ಸಾಲಾಗಿ ಜೋಡಿಸಿದೆ. ಯಾರೂ ತಿರುಗಿ ನೋಡಲಿಲ್ಲ. ಗಿರಾಕಿಗಳು ಬಂದು ಸಿನಿಮಾ ಹಾಡು ಕೇಳುತ್ತಿದ್ದರು. ಒಂದಿಬ್ಬರು ಕುತೂಹಲಕ್ಕೆ ಕೇಳಿ, "ಇದೇನ್ರಿ, ನಮ್ಮ ಮನಿ ಮುಂದ ದಿನಾ ಕೇಳ್ತೀವಿ ಇದನ್ನ" ಎಂದು ಇಟ್ಟು ಹೋದರು. ಹರಪನಹಳ್ಳಿಯಲ್ಲಿ ನನ್ನ ಹಾಗೇ ಅಂಗಡಿ ಇಟ್ಟಿದ್ದ ಗೆಳೆಯ ಪ್ರವೀಣಕುಮಾರ್‌ಗೆ ಐವತ್ತು ಕಳಿಸಿದ್ದೆ. ಎರಡು ತಿಂಗಳಿಗೆ ನಲವತ್ತೊಂಬತ್ತು ವಾಪಸ್ ಬಂದವು. ಜೊತೆಗೊಂದು ಚೀಟಿ: "ಮ್ಯೂಸಿಕ್ ಇಲ್ಲ. ಬರೀ ಒಂದು ಹೆಂಗಸು, ಶೇಂಗಾ."

ಒಂದು ದಿನ ಸಂತೆಗೆ ಬಂದ ಗಾಳೆಮ್ಮ ಅಂಗಡಿಯ ಮುಂದೆ ನಿಂತು, "ಯಾರಾದ್ರೂ ಕೇಳ್ಯಾರೇನು?" ಎಂದಳು. ಅವಳು ಹಾಗೆ ಕೇಳಿದ್ದು ಅದೊಂದೇ ಸಲ. "ಕೇಳಾಕತ್ಯಾರಕ್ಕ" ಎಂದು ಸುಳ್ಳು ಹೇಳಿದೆ. ಅವಳು ಗಾಜಿನೊಳಗಿನ ಸಾಲನ್ನು ಒಮ್ಮೆ ನೋಡಿದಳು. ಓದು ಬರದಿದ್ದರೂ ಸಾಲು ಕರಗಿಲ್ಲವೆಂದು ತಿಳಿಯದಷ್ಟು ದಡ್ಡಿಯಲ್ಲ. ನನ್ನ ಮಾನ ಉಳಿಸಲೆಂದೇ, "ಹಂಗಾರ ಆತು" ಎಂದು ಹೋದಳು.

ಹೊಸ ವರ್ಷ ಕಳೆದು ಒಂದು ವಾರಕ್ಕೆ ಯರ್ರೆಪ್ಪ ಎಂಬ ಡ್ರೈವರ್ ತನ್ನ ಬಸ್ಸಿನ ಟೇಪು ರಿಪೇರಿಗೆ ತಂದ. ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹರಪನಹಳ್ಳಿ ಮುಟ್ಟಿ ಹಡಗಲಿಗೆ ಹೋಗುವ ಒಂದು ಖಾಸಗಿ ಬಸ್ಸು ಅದು. ದಪ್ಪ ಮೀಸೆ, ಗಡಸು ಮಾತಿನ ಮನುಷ್ಯ. ನಾನು ಹೆಡ್ ಒರೆಸಿ, ಸರಿಯಾಗಿದೆಯೋ ನೋಡಲು ಕೈಗೆ ಸಿಕ್ಕ ಕ್ಯಾಸೆಟ್ ಹಾಕಿದೆ. ಗಾಳೆಮ್ಮನದು, ಎರಡನೇ ಮಗ್ಗಲು. ಅದು ಓಡುತ್ತಿರಲಿ ಎಂದು ಬಿಟ್ಟು ನಾನು ಬೇರೆ ಕೆಲಸ ಹಿಡಿದೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿದರೆ ಯರ್ರೆಪ್ಪ ಕೌಂಟರಿಗೆ ಎರಡೂ ಮೊಣಕೈ ಊರಿ ನಿಂತಿದ್ದ. ಕೊನೆಯ ಹಾಡು ಮುಗಿದಿತ್ತು.

"ಯಾರ್ರಿ ಈಕಿ?" ಎಂದ.

"ಇಲ್ಲೇ ಕರೇಕಲ್ಲು ಹಟ್ಟಿಯಾಕಿ."

ಅವನು ಟೇಪು ಎತ್ತಿಕೊಂಡ. ಹೋಗುವಾಗ ಕ್ಯಾಸೆಟ್ ಟೇಪಿನೊಳಗೇ ಇರಲಿ ಎಂದು ಕೇಳಿಕೊಂಡು ಹೋದ.

ಹತ್ತು ದಿನಕ್ಕೆ ಮತ್ತೆ ಬಂದ. "ಇನ್ನೆರಡು ಕೊಡ್ರಿ. ಅದು ಸವದು ಹೋಗೈತಿ" ಎಂದ. "ಹೆಣ್ಮಕ್ಕಳು ಇಳಿಯಂಗಿಲ್ರಿ ಬಸಣ್ಣಾರ! ತಮ್ಮೂರು ಬಂದ್ರೂ, ಇದೊಂದು ಮುಗೀಲಿ ತಡ್ರಿ ಅಂತ ಬಾಗಿಲ್ದಾಗ ನಿಂತ್ಕಂತಾರ. ಕಂಡಕ್ಟರ್ ಸೀಟಿ ಹೊಡದ್ರೂ ಕೇಳಂಗಿಲ್ಲ."

ಆಮೇಲೆ ಬಂದದ್ದು ನಾನು ಕಂಡು ಕೇಳರಿಯದ ಗಿರಾಕಿಗಳು. ಆ ಅಂಗಡಿಯ ಮೆಟ್ಟಿಲನ್ನು ಎಂದೂ ಹತ್ತದ ಹೆಂಗಸರು. ಸೆರಗಿನ ತುದಿ ಬಿಚ್ಚುತ್ತ, ಹೆಸರು ಹೇಳಲಾಗದೆ, "ಬಸ್ಸಿನ್ಯಾಗ ಹಾಡ್ತಾಳಲ್ಲ, ಆಕೀದು" ಎನ್ನುತ್ತಿದ್ದರು. ತೆಲಿಗಿಯಿಂದ ಬಂದ ಒಬ್ಬಳಿಗೆ ಮನೆಯಲ್ಲಿ ಟೇಪ್‌ರೆಕಾರ್ಡರೇ ಇರಲಿಲ್ಲ. "ಎದುರು ಮನ್ಯಾಗ ಐತ್ರಿ. ಅವರು ಹಾಕ್ತಾರ, ನಾನು ನನ್ನ ಕಟ್ಟಿಮ್ಯಾಲ ಕೂತು ಕೇಳ್ತನಿ" ಎಂದಳು. ಹರಪನಹಳ್ಳಿ ಕಡೆಯ ಅರಸೀಕೆರೆಯ ಸಂತೆಯಲ್ಲಿ ಬಳೆ ಮಾರುವವಳು ಹತ್ತು ಒಯ್ದು, ಬಳೆ ಮಲಾರದ ಜೊತೆಗೆ ಇಟ್ಟುಕೊಂಡು ಮಾರಿದಳು. ಪ್ರವೀಣಕುಮಾರ್ ಫೋನು ಮಾಡಿ, "ಆ ಶೇಂಗಾ ಕ್ಯಾಸೆಟ್ ಇನ್ನೂರು ಬೇಕಾಗಿದ್ವಲ್ಲೋ" ಎಂದ. ಮಾರ್ಚಿಗೆ ಗಾಜಿನೊಳಗಿನ ಸಾಲು ಖಾಲಿ. ದಾವಣಗೆರೆಗೆ ಮತ್ತೆ ಹೋಗಿ ಇನ್ನೊಂದು ಸಾವಿರ ಮಾಡಿಸಿ ತಂದೆ.

ಅದೇ ತಿಂಗಳು ಹಡಗಲಿ ದಾರಿಯ ಇಟ್ಟಿಗಿಯಿಂದ ಗೀತಮ್ಮ ಎಂಬಾಕೆ ಅಂಗಡಿಗೆ ಬಂದು ನನ್ನ ಮೇಲೆ ಜಗಳಕ್ಕೇ ನಿಂತಳು. ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸುವವಳು, ಮೂವತ್ತರ ಪ್ರಾಯ, ಬಾಯಿ ಜೋರು.

"ನಿಮ್ಮ ಕ್ಯಾಸೆಟ್ಟಿನ್ಯಾಗ ಬಸ್ಸಿನ ಹಾಡು ಪೂರಾ ಇಲ್ರಿ. ಬರೇ ನಾಕು ನುಡಿ ಅದಾವ."

"ಇರೋದೇ ನಾಕು ನುಡಿ ತಾಯಿ."

"ಅಯ್ಯ, ಸುಳ್ಳು! ನಮ್ಮ ತ್ವಾಟದಾಗ ಹದಿನಾರು ಹಾಡ್ತೀವಿ."

ಮಾರನೇ ವಾರವೇ ಗಾಳೆಮ್ಮನನ್ನು ಕರೆದುಕೊಂಡು ಇಟ್ಟಿಗಿಗೆ ಹೊರಟೆ. ಯಾಕೆಂದು ಅವಳಿಗೆ ಹೇಳಲಿಲ್ಲ. ಬೆಳಗ್ಗೆ ಆರೂವರೆಗೆ ಯರ್ರೆಪ್ಪನ ಬಸ್ಸು. ನಡುವಿನ ಸೀಟಿನಲ್ಲಿ ಕಿಟಕಿಗೆ ಗಾಳೆಮ್ಮ, ಅವಳ ಪಕ್ಕ ಬುಟ್ಟಿ ಇಟ್ಟುಕೊಂಡ ಒಬ್ಬ ಮುತ್ತೈದೆ, ಅವರ ಹಿಂದೆ ನಾನು. ಕೊಟ್ಟೂರು ದಾಟಿದ ಮೇಲೆ ಟೇಪು ಶುರುವಾಯಿತು. ಚಟ್ ಎಂದು ಮೊದಲ ಕಾಯಿ ಒಡೆದ ಸದ್ದಿಗೇ ಗಾಳೆಮ್ಮ ಬೆಚ್ಚಿ ತಿರುಗಿದಳು. ನನ್ನ ಕಡೆ ಬಾಗಿ, "ಬಸಣ್ಣ, ಇದು..." ಎಂದು ಶುರು ಮಾಡಿದ್ದಳು ಅಷ್ಟೆ. ಪಕ್ಕದ ಹೆಂಗಸು ಅವಳ ತೊಡೆ ಮುಟ್ಟಿ, "ಸುಮ್ನಿರವ್ವ. ಹಾಡು ಬಂತು" ಎಂದಳು.

ಗಾಳೆಮ್ಮ ಕಿಟಕಿಯ ಕಡೆ ತಿರುಗಿದಳು.

ಮುಂದಿನ ಸೀಟಿನ ಹೆಂಗಸರು ಓಲಾಡುತ್ತ ಜೊತೆಗೆ ಹಾಡುತ್ತಿದ್ದರು. ಅತ್ತೆಯ ಹಾಡಿಗೆ ಗಂಡಸರೂ ನಕ್ಕರು. ಬಸ್ಸಿನ ಹಾಡು ಬಂದಾಗ ಮುದುಕಿಯರು ಹಣೆಗೆ ಕೈಹಚ್ಚಿ ಕೂತರು. ತನ್ನ ಎದೆಯೊಳಗಿನದು ಐವತ್ತು ಜನರ ಬಾಯಿಯಲ್ಲಿ ಆಡುವುದನ್ನು ಗಾಳೆಮ್ಮ ಕಿಟಕಿಯ ಸರಳು ಬಿಗಿಯಾಗಿ ಹಿಡಿದುಕೊಂಡು ಕೇಳುತ್ತಿದ್ದಳು. ಅವಳು ಮಾತ್ರ ಹಾಡಲಿಲ್ಲ.

ಊರಿಲ್ಲ, ಕೇರಿಯಿಲ್ಲ, ಬರೀ ಹೊಲ ಇರುವ ಒಂದು ಕಡೆ, ತಲೆಯ ಮೇಲೆ ಗಂಟು ಹೊತ್ತ ಮುದುಕಿಯೊಬ್ಬಳು ಕೈ ಎತ್ತಿದಳು. ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಗಂಟು ಇಸಿದುಕೊಂಡ. ನನ್ನ ಕಡೆ ನೋಡಿ, "ಈ ಹಾಡು ಬಂದಾಗಿಂದ ನಮ್ಮ ಡ್ರೈವರ್ರು ಕೈ ಕಂಡಲ್ಲೆಲ್ಲ ನಿಂದ್ರಿಸ್ತಾರ. ದಿನಾ ತಡ. ಮಾಲಕರು ಬೈಯಾಕತ್ಯಾರ" ಎಂದು ನಕ್ಕ.

ಹರಪನಹಳ್ಳಿಯಲ್ಲಿ ಬಸ್ಸು ಹದಿನೈದು ನಿಮಿಷ ನಿಲ್ಲುತ್ತದೆ. ಚಹಾದಂಗಡಿಯ ಮುಂದೆ ನಾನು ಯರ್ರೆಪ್ಪನಿಗೆ ಗಾಳೆಮ್ಮನನ್ನು ತೋರಿಸಿ, "ಈಕೀನೇ" ಎಂದೆ. ಅವನು ಬಟ್ಟಲನ್ನು ಬೆಂಚಿನ ಮೇಲಿಟ್ಟ.

"ಯಾವ ವರ್ಷ ಅದು, ಯವ್ವ?" ಎಂದ.

"ತೊಂಬತ್ಮೂರು."

"ನಾ ಆಗ ಅದೇ ರೋಡಿನ್ಯಾಗ ಗಾಡಿ ಹೊಡೀತಿದ್ನಿ. ಅಲ್ಲಿ ಸ್ಟಾಪಿಲ್ಲ ಅಂತ ನಾನೂ ನಿಂದ್ರಿಸ್ತಿರಲಿಲ್ಲ. ಎಷ್ಟು ಕೈ ಕಂಡು ಹಂಗ ಬಂದೀನೋ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನಿಲ್ಲದ ಬಸ್ಸಿನ್ಯಾಗ ನಂದೂ ಒಂದಿತ್ತೇನವ್ವ?"

ಗಾಳೆಮ್ಮ ಅವನ ಮುಖವನ್ನೇ ನೋಡಿದಳು.

"ಯಾರಂತ ನಾ ನೋಡಿಲ್ಲಪ್ಪ. ಬೆನ್ನಷ್ಟ ನೋಡಿದ್ನಿ" ಎಂದಳು. ಆಮೇಲೆ, "ಇವತ್ತು ಆ ಮುದುಕಿಗಿ ನಿಂದ್ರಿಸಿದೆಲ್ಲ, ಆಕಿ ನಿನ್ನ ಮುಖ ನೋಡ್ಯಾಳ" ಎಂದಳು.

ಯರ್ರೆಪ್ಪ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು ಬಸ್ಸಿನ ಕಡೆ ನಡೆದ. ಅವಳ ಜಾಗದಲ್ಲಿ ನಾನಿದ್ದರೆ ಏನೆನ್ನುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ಮಾತಂತೂ ನನ್ನ ಬಾಯಿಂದ ಬರುತ್ತಿರಲಿಲ್ಲ.

ಇಟ್ಟಿಗಿಯಲ್ಲಿ ಇಳಿದು ತೋಟಕ್ಕೆ ಹೋಗುವಷ್ಟರಲ್ಲಿ ಮೊಗ್ಗು ಬಿಡಿಸುವುದು ಮುಗಿದಿತ್ತು. ಹತ್ತು ಹನ್ನೆರಡು ಹೆಂಗಸರು ಹುಣಸೆ ಗಿಡದ ನೆರಳಲ್ಲಿ ಕೂತು ಮಾಲೆ ಕಟ್ಟುತ್ತಿದ್ದರು. ಗೀತಮ್ಮ ನನ್ನನ್ನು ಗುರುತಿಸಿ, "ಬಂದ್ರೇನ್ರಿ, ಕೇಳ್ರಿ ಹಂಗಾದ್ರ" ಎಂದಳು. ಜೊತೆಗಿದ್ದವಳು ಯಾರೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳೇ ಎತ್ತಿಕೊಂಡಳು.

ಕೈಯೆತ್ತಿ ನಿಂತಿದ್ನಿ ಮಲ್ಲಿಗಿ ಪುಟ್ಟಿ ಹೊತ್ತು
ಬಸ್ಸು ಬಂತು, ಬಸ್ಸು ಹೋತು, ನಿಲ್ಲಲಿಲ್ಲ
ಮೊಗ್ಗಿದ್ದದ್ದು ಹೂವಾತು, ಹೂವಿದ್ದದ್ದು ಬಾಡ್ಯೋತು
ಸಂತಿ ಮುಗದಿತ್ತು, ಕೊಳ್ಳೋರಿರಲಿಲ್ಲ

ಅವಳು ಮುಗಿಸಿದಲ್ಲಿಂದ ಇನ್ನೊಬ್ಬಳು ಹಿಡಿದಳು. ಅರಸೀಕೆರೆಯಿಂದ ಸೊಸೆಯಾಗಿ ಬಂದವಳಂತೆ.

ಕೈಯೆತ್ತಿ ನಿಂತಿದ್ನಿ ಅವ್ವ ಹೋದ ಸುದ್ದಿ ಕೇಳಿ
ಬಸ್ಸು ಬಂತು, ಬಸ್ಸು ಹೋತು, ನಿಲ್ಲಲಿಲ್ಲ
ನಾ ನಡದು ಹೋಗೂದ್ರಾಗ ಮಣ್ಣು ಮುಚ್ಚಿದ್ರು
ಅವ್ವನ ಮುಖವ ನಾ ನೋಡಲಿಲ್ಲ

ಹೀಗೇ ಒಬ್ಬೊಬ್ಬರದೂ. ಪರೀಕ್ಷೆ ತಪ್ಪಿಸಿಕೊಂಡವಳದು ಒಂದು, ಬಸುರಿಯದು ಒಂದು, ಗಂಡನ ಮನೆಯಿಂದ ಓಡಿ ಬರಲು ಹೊರಟವಳದು ಒಂದು. ಗಾಳೆಮ್ಮ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಎಲ್ಲರದೂ ಮುಗಿದಾಗ ಗೀತಮ್ಮ ಅವಳ ಕಡೆ ತಿರುಗಿ, "ನಿಂದೂ ಒಂದಿದ್ರ ಹೇಳವ್ವ. ಇಲ್ಲಿ ಎಲ್ರೂ ಒಂದೊಂದು ಕಟ್ಟ್ಯಾರ. ನಾಚಿಕಿ ಬ್ಯಾಡ" ಎಂದಳು.

ಗಾಳೆಮ್ಮ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿಕೊಂಡು, ಮೆಲ್ಲಗೆ, ಬೇವಿನ ಬುಡದ ತನ್ನ ನುಡಿ ಹಾಡಿದಳು.

ಎರಡನೇ ಸಾಲಿಗೆ ಮಾಲೆ ಕಟ್ಟುವ ಕೈಗಳೆಲ್ಲ ನಿಂತವು. ಫೋಟೊ ನೋಡಿ ಗುರುತಿಸದವರು ದನಿ ಕೇಳಿ ಗುರುತಿಸಿದ್ದರು. ಗೀತಮ್ಮನ ಮಡಿಲಿನಿಂದ ದಾರದ ಉಂಡೆ ಉರುಳಿಕೊಂಡು ಹೋಯಿತು, ಹಿಡಿಯುವವರಿಲ್ಲ. ಅವಳು ಮಂಡಿಯೂರಿ ಮುಂದೆ ಬಂದು ಗಾಳೆಮ್ಮನ ಗಂಟಲನ್ನು ಎರಡು ಬೆರಳಿನಿಂದ ಮುಟ್ಟಿದಳು, ಕೂಸಿನ ಕೆನ್ನೆ ಮುಟ್ಟುವ ಹಾಗೆ.

"ಇಲ್ಲಿಂದ ಬರ್ತೈತೇನವ್ವ ಅದು?"

"ಇಲ್ಲಿಂದಲ್ಲ ತಂಗಿ" ಎಂದಳು ಗಾಳೆಮ್ಮ. ಎಲ್ಲಿಂದ ಎಂದು ಹೇಳಲಿಲ್ಲ. ಅವಳ ಕಣ್ಣು ತುಂಬಿ ಹರಿಯುತ್ತಿದ್ದವು. ಹಾಡಿದರೆ ಅಳು ಬರುವುದಿಲ್ಲ ಎಂದಿದ್ದವಳು ಅಂದು ಹಾಡಿ ಅತ್ತಳು.

ವಾಪಸ್ ಬರುವ ದಾರಿಯುದ್ದಕ್ಕೂ ಅವಳದು ಒಂದೇ ಮಾತು. "ಅವು ನಾ ಕಟ್ಟಿದ್ದಲ್ಲ ಬಸಣ್ಣ. ಆಕಿ ಮಲ್ಲಿಗಿ ಬಾಡಿದ್ದು ನನಗ ಹೆಂಗ ಗೊತ್ತಾಗಬೇಕು? ನನ್ನ ಕೂಸಿನ ಹಾಡಿನ್ಯಾಗ ಎಷ್ಟು ಮಂದಿ ಬಂದು ಕೂತಾರ ನೋಡ!"

ಆಮೇಲಿನ ದಿನಗಳಲ್ಲಿ ದೊಡ್ಡ ಊರಿನ ಒಂದು ಕ್ಯಾಸೆಟ್ ಕಂಪನಿಯವರು ಹಟ್ಟಿಗೇ ಬಂದರು. ವಾದ್ಯ ಸೇರಿಸಿ, ಬಣ್ಣದ ಸೀರೆ ಉಡಿಸಿ ಹೊಸದು ಮಾಡುತ್ತೇವೆ ಎಂದರು. ಗಾಳೆಮ್ಮ ಅವರಿಗೆ ಮಜ್ಜಿಗೆ ಕೊಟ್ಟು, "ಹೊಸಾದು ಬಂದ್ರ ಹೇಳಿ ಕಳಸ್ತನಿ" ಎಂದು ಕಳಿಸಿದಳು. ಹೇಳಿ ಕಳಿಸಲೇ ಇಲ್ಲ. ಹಾಗೆಂದು ಅವಳು ಸುಮ್ಮನೆ ಕೂತಿರಲಿಲ್ಲ. ಹೊಲದ ಕೆಲಸ ಇಲ್ಲದ ದಿನಗಳಲ್ಲಿ ಯರ್ರೆಪ್ಪನ ಬಸ್ಸು ಹತ್ತಿ ಊರೂರಿಗೆ ಹೋಗುತ್ತಿದ್ದಳು. ಹಗರಿಬೊಮ್ಮನಹಳ್ಳಿ ಕಡೆ, ಹಡಗಲಿ ಕಡೆ, ಕೂಡ್ಲಿಗಿಯ ಹಟ್ಟಿಗಳಿಗೆ. ಹಾಡಲು ಕರೆದರೆ, "ಮೊದ್ಲ ನಿಮ್ಮದು ಹೇಳ್ರಿ" ಎನ್ನುತ್ತಿದ್ದಳು. ಬರೆಯಲು ಬಾರದವಳು ಮೂರು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ನುಡಿಗಳನ್ನು, ಯಾವ ಊರು, ಯಾರು ಕಟ್ಟಿದ್ದು ಎಂಬುದರ ಸಮೇತ, ತಲೆಯಲ್ಲಿಟ್ಟುಕೊಂಡಿದ್ದಳು. ಒಂದೂ ಅದಲುಬದಲಾಗಿರಲಿಲ್ಲ. ನಾನು ಪರೀಕ್ಷೆ ಮಾಡಿ ನೋಡಿ ಸೋತಿದ್ದೇನೆ.

2001ರಲ್ಲಿ ಅವೇ ಅವಳ ಎರಡನೇ ಕ್ಯಾಸೆಟ್ ಆದವು. 'ಕೈಯೆತ್ತಿದವರು' ಎಂದು ಅವಳೇ ಹೆಸರಿಟ್ಟಳು. ಮೇಲೆ ತನ್ನ ಫೋಟೊ ಬೇಡವೆಂದಳು. ದಾವಣಗೆರೆಯ ಅದೇ ಕೋಣೆಯಲ್ಲಿ, ಪ್ರತಿ ನುಡಿಗೂ ಮುಂಚೆ ಒಂದು ಕ್ಷಣ ನಿಲ್ಲಿಸಿ, ಕಟ್ಟಿದವಳ ಊರು, ಹೆಸರು ಹೇಳಿ ಆಮೇಲೆ ಹಾಡುತ್ತಿದ್ದಳು. ತಲೆಗೂದಲು ಪೂರಾ ಬೆಳ್ಳಗಾಗಿದ್ದ ಶಿವಯೋಗಪ್ಪ ಮೆಲ್ಲಗೆ, "ಹಿಂಗೆ ನಡುನಡುವೆ ಹೆಸರು ಹೇಳಿದ್ರೆ ತಾಳ ಮುರಿಯುತ್ತಮ್ಮ" ಎಂದರು.

"ತಾಳ ಮುರೀಲಿ ಬಿಡ್ರಿ" ಎಂದಳು ಗಾಳೆಮ್ಮ.

ಕ್ಯಾಸೆಟ್ ಬಂದ ಸುದ್ದಿ ಇಟ್ಟಿಗಿಗೆ ಮುಟ್ಟಿದ ಮಾರನೇ ದಿನವೇ ಗೀತಮ್ಮ ಅಂಗಡಿಯಲ್ಲಿದ್ದಳು. ಹಾಡು ಕೇಳುವ ತಾಳ್ಮೆ ಅವಳಿಗಿರಲಿಲ್ಲ. ತನ್ನ ಹೆಸರು ಬರುವ ಜಾಗವನ್ನಷ್ಟೇ ಹಾಕಲು ಹೇಳಿದಳು. ಟೇಪು ಓಡಿಸಿ ಹುಡುಕಿ ಹಾಕಿದೆ. "ಇದು ಇಟ್ಟಿಗಿ ಗೀತಮ್ಮ ಹೇಳಿದ್ದು" ಎಂದು ಗಾಳೆಮ್ಮನ ದನಿ ಅಂಗಡಿ ತುಂಬ ಹರಡಿತು. ಜಗಳಗಂಟಿ ಗೀತಮ್ಮ ಕೌಂಟರಿನ ಅಂಚು ಹಿಡಿದು, ಬಾಯಿಗೆ ಸೆರಗಿಟ್ಟು, ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

"ಇನ್ನೊಂದ್ಸಲ ತಿರುಗಿಸ್ರಿ" ಎಂದಳು.

ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಏಳು ಸಲ ಆಯಿತು. ಹೊರಗೆ ಅವಳ ಬಸ್ಸು ಹಾರ್ನ್ ಹೊಡೆಯುತ್ತಿತ್ತು.